ಮಗ್ಗುಲು ಬದಲಿಸದ ಸರೋವರ

ಗ್ರೀನ್ ಲೇಕ್ ದಡದಲ್ಲಿ ಗಾಳ ಹಿಡಿದು ಕೂತಿದ್ದ ಹಿರಿಯರೊಬ್ಬರನ್ನು ನೀರು ಎಷ್ಟು ಆಳ ಎಂದು ಕೇಳಿದೆ. “ನೂರ ತೊಂಬತ್ತೈದು ಅಡಿ. ಆದರೆ ಮೀನು ಸಿಗುವುದು ಮೇಲಿನ ಅರವತ್ತು ಅಡಿಯಲ್ಲಿ ಮಾತ್ರ. ಅದರ ಕೆಳಗೆ ದಾರ ಬಿಟ್ಟರೆ ದಾರವೇ ದಂಡ” ಎಂದರು. ಮೂರು ದಿನ ಅಲ್ಲಿದ್ದು ನಾನು ತಿಳಿದುಕೊಂಡದ್ದೆಲ್ಲ ಅವರ ಈ ಮಾತಿನ ವಿವರಣೆಯೇ ಆಗಿತ್ತು.

ನ್ಯೂಯಾರ್ಕ್ ರಾಜ್ಯದ ನಡುಭಾಗದಲ್ಲಿ, ಸಿರಕ್ಯೂಸ್ ನಗರದ ಪೂರ್ವಕ್ಕೆ, ಗ್ರೀನ್ ಲೇಕ್ಸ್ ಸ್ಟೇಟ್ ಪಾರ್ಕ್ ಇದೆ. ಮಹಾನಗರ ನ್ಯೂಯಾರ್ಕಿಗೂ ಇದಕ್ಕೂ ನೂರಾರು ಕಿಲೋಮೀಟರ್ ದೂರ. 1928ರಲ್ಲಿ ಶುರುವಾದ ಈ ಉದ್ಯಾನದಲ್ಲಿ ಗ್ರೀನ್ ಲೇಕ್, ರೌಂಡ್ ಲೇಕ್ ಎಂಬ ಎರಡು ಸರೋವರಗಳು ಅಕ್ಕಪಕ್ಕದಲ್ಲಿವೆ. ಗುಡ್ಡದ ಮೇಲೆ ಡೇರೆ ಹಾಕಲು ಜಾಗ, ಕೆಳಗೆ ಸರೋವರದ ಸುತ್ತ ಸುಮಾರು ಮೂರು ಕಿಲೋಮೀಟರ್ ಉದ್ದದ ಸಮತಟ್ಟಾದ ಕಾಲುದಾರಿ. ಮಕ್ಕಳು, ಮುದುಕರು ಎಲ್ಲರೂ ಆರಾಮವಾಗಿ ನಡೆಯಬಹುದು. ಅದೇ ದಾರಿ ಮುಂದುವರಿದು ರೌಂಡ್ ಲೇಕ್ ಸುತ್ತಿನ ಹಳೆಯ ಕಾಡನ್ನು ಹೊಗುತ್ತದೆ. ಕೊಡಲಿ ತಾಗದ ಮೇಪಲ್, ಹೆಮ್ಲಾಕ್, ಟ್ಯೂಲಿಪ್ ಮರಗಳು ಅಲ್ಲಿವೆ.

ಸುಮಾರು 15,000 ವರ್ಷಗಳ ಹಿಂದೆ ಹಿಮಯುಗದ ನೀರ್ಗಲ್ಲು ಹಿಂದೆ ಸರಿಯುವಾಗ ಕರಗಿದ ನೀರು ದೊಡ್ಡ ಜಲಪಾತವಾಗಿ ಇಲ್ಲಿ ಧುಮುಕಿತು. ಅದರ ಬುಡದಲ್ಲಿ ಕೊರೆದ ಮಡುಗಳೇ ಇಂದಿನ ಸರೋವರಗಳು. ಅಗಲ ಕಡಿಮೆ, ಆಳ ಹೆಚ್ಚು, ಸುತ್ತ ಕಡಿದಾದ ಗುಡ್ಡ. ಗಾಳಿಗೆ ಬೀಸಲು ಮೈದಾನ ಸಿಗುವುದಿಲ್ಲ.

ಇದೇಕೆ ಮುಖ್ಯ ಎಂದರೆ, ಚಳಿನಾಡಿನ ಸರೋವರಗಳು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಮಗ್ಗುಲು ಬದಲಿಸುತ್ತವೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಚಳಿಗಾಲಕ್ಕೆ ಮುಂಚೆ ಮೇಲ್ನೀರು ತಣಿಯುತ್ತ ತಣಿಯುತ್ತ ಭಾರವಾಗಿ ಕೆಳಗಿಳಿಯುತ್ತದೆ, ತಳದ ನೀರು ಮೇಲೇಳುತ್ತದೆ, ಗಾಳಿ ಎರಡನ್ನೂ ಕಲಸುತ್ತದೆ. ವಸಂತದಲ್ಲಿ ಮಂಜುಗಡ್ಡೆ ಕರಗಿದ ಮೇಲೆ ಮತ್ತೊಮ್ಮೆ ಹೀಗೇ ಆಗುತ್ತದೆ. ತಳದವರೆಗೆ ಆಮ್ಲಜನಕ ತಲುಪುವುದು ಈ ಮಗುಚಾಟದಿಂದಲೇ.

ಗ್ರೀನ್ ಲೇಕ್ ಮಗುಚುವುದಿಲ್ಲ. ಸುತ್ತಲಿನ ನೆಲದೊಳಗೆ ಜಿಪ್ಸಮ್ ಇರುವ ಶಿಲೆಗಳಿವೆ. ಅವನ್ನು ಹಾದು ಬರುವ ಅಂತರ್ಜಲ ಕ್ಯಾಲ್ಸಿಯಂ, ಸಲ್ಫೇಟುಗಳನ್ನು ಕರಗಿಸಿಕೊಂಡು ಸರೋವರದ ಆಳಕ್ಕೆ ಸೇರುತ್ತದೆ. ಲವಣ ಹೊತ್ತ ಆ ನೀರಿನ ತೂಕ ಎಷ್ಟೆಂದರೆ ಮೇಲ್ನೀರು ಎಷ್ಟೇ ತಣಿದರೂ ಅದನ್ನು ಕದಲಿಸಲಾರದು. ಇಂಥ ಸರೋವರಗಳನ್ನು ವಿಜ್ಞಾನಿಗಳು ‘ಮೆರೊಮಿಕ್ಟಿಕ್’ ಎನ್ನುತ್ತಾರೆ. ಜಗತ್ತಿನಲ್ಲಿ ಇವು ವಿರಳ. ಒಂದೇ ಉದ್ಯಾನದಲ್ಲಿ ಎರಡು ಸಿಗುವುದಂತೂ ಭಾಗ್ಯವೆಂದೇ ನಾನು ಎಣಿಸುತ್ತೇನೆ.

ಆದ್ದರಿಂದ ಸುಮಾರು 20 ಮೀಟರ್ ಆಳದಲ್ಲಿ ಒಂದು ಗಡಿ ಇದೆ. ಮೇಲೆ ಆಮ್ಲಜನಕ, ಅದರಲ್ಲಿ ಟ್ರೌಟ್ ಮೀನು. ಕೆಳಗೆ ಆಮ್ಲಜನಕವೇ ಇಲ್ಲ. ಅಲ್ಲಿನ ಸೂಕ್ಷ್ಮಾಣುಗಳು ಸಲ್ಫೇಟನ್ನು ಬಳಸಿ ಬದುಕುತ್ತ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಗಡಿಯ ಮೇಲೆಯೇ ನೇರಳೆ ಗಂಧಕದ ಬ್ಯಾಕ್ಟೀರಿಯಾಗಳು ದಟ್ಟವಾಗಿ ನೆಲೆಸಿವೆ. ತಿಳಿನೀರನ್ನು ದಾಟಿ ಬಂದ ಮಂದ ಬೆಳಕು ಮೇಲಿನಿಂದ, ಸಲ್ಫೈಡ್ ಕೆಳಗಿನಿಂದ, ಎರಡೂ ಸಿಗುವ ತೆಳುವಾದ ಜಾಗ ಅದೊಂದೇ. ಗಿಡಗಳು ನೀರನ್ನು ಒಡೆದು ಆಹಾರ ಮಾಡಿಕೊಂಡರೆ ಇವು ಸಲ್ಫೈಡನ್ನು ಒಡೆಯುತ್ತವೆ, ಆಮ್ಲಜನಕ ಬಿಡುವುದಿಲ್ಲ. ಆ ಆಳದಿಂದ ಸೀಸೆಯಲ್ಲಿ ಎತ್ತಿದ ನೀರು ಗುಲಾಬಿ ಬಣ್ಣಕ್ಕಿರುತ್ತದೆ. ಮೇಲೆ ಹಚ್ಚ ಹಸುರಾಗಿ ಕಾಣುವ ಸರೋವರದ ಒಡಲಲ್ಲಿ ಗುಲಾಬಿ ಪದರ!

ಭೂಮಿಯ ವಾತಾವರಣದಲ್ಲಿ ಆಮ್ಲಜನಕ ನೆಲೆಗೊಳ್ಳತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಆಮೇಲೂ ಬಹುಕಾಲ ಕಡಲಿನ ಆಳಕ್ಕೆ ಅದು ತಲುಪಲಿಲ್ಲ. ಅಂದಿನ ಸಾಗರದ ಕೆಲವು ಭಾಗಗಳು ಹೇಗಿದ್ದಿರಬಹುದು ಎಂದು ತಿಳಿಯಬಯಸುವ ಭೂವಿಜ್ಞಾನಿಗಳು ಗ್ರೀನ್ ಲೇಕಿಗೆ ಬರುವುದು ಆಮ್ಲಜನಕವಿಲ್ಲದ ಈ ಆಳಕ್ಕಾಗಿ. ಗಾಳದ ಹಿರಿಯರು ಹೇಳಿದ ಅರವತ್ತು ಅಡಿಯ ಕೆಳಗೆ ಇರುವುದು ಮೀನೆಂಬ ಜೀವಿ ಹುಟ್ಟುವುದಕ್ಕೂ ಮುಂಚಿನ ಕಡಲಿನ ಮಾದರಿ.

ಕಾಲುದಾರಿಯಲ್ಲಿ ಡೆಡ್‌ಮ್ಯಾನ್ಸ್ ಪಾಯಿಂಟ್ ಎಂಬ ಚಾಚು ಬರುತ್ತದೆ. ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಅಲ್ಲಿ. ನೀರಿನೊಳಗೆ ಜಗಲಿಯಂತೆ ಹೊರಚಾಚಿದ ಬಿಳಿಚು ಬಂಡೆಯೊಂದಿದೆ. ಅದನ್ನು ಕಟ್ಟಿದ್ದು ಸಯನೋಬ್ಯಾಕ್ಟೀರಿಯಾ ಮತ್ತು ಅವುಗಳ ಸಂಗಡಿಗರು. ಅವು ದ್ಯುತಿಸಂಶ್ಲೇಷಣೆಗೆ ನೀರಿನಿಂದ ಇಂಗಾಲದ ಡೈಆಕ್ಸೈಡ್ ಹೀರಿದಾಗ ಕರಗಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಬೇರ್ಪಡುತ್ತದೆ. ಮೊಸರಿನ ಹಾಗೆ ಗೆಡ್ಡೆಗೆಡ್ಡೆಯಾಗಿ ಹೆಪ್ಪುಗಟ್ಟಿದ ಇಂಥ ಕಲ್ಲಿಗೆ ಥ್ರಾಂಬೊಲೈಟ್ ಎಂದು ಹೆಸರು. ಇದರ ದಾಯಾದಿ ಸ್ಟ್ರೊಮೆಟೊಲೈಟ್‌ನಲ್ಲಿ ಕಲ್ಲು ಎಲೆಕೋಸಿನಂತೆ ಪದರಪದರವಾಗಿರುತ್ತದೆ. ನಮ್ಮ ಚಿತ್ರದುರ್ಗದ ಸುಣ್ಣಕಲ್ಲಿನಲ್ಲಿ, ಕಲಾದಗಿಯ ಶಿಲೆಗಳಲ್ಲಿ ಇರುವುದು ಅದೇ. ಅಲ್ಲಿ ಪಳೆಯುಳಿಕೆ, ಇಲ್ಲಿ ಇನ್ನೂ ಬೆಳೆಯುತ್ತಿರುವ ಜೀವ. ಇದರ ಮೇಲೆ ಕಾಲಿಡಬೇಡಿ. ಮುರಿದ ಒಂದು ಅಂಚು ಮತ್ತೆ ಬೆಳೆಯಲು ನಮ್ಮ ಆಯುಸ್ಸು ಸಾಲದು.

ನಾವು ಹೋದದ್ದು ಜೂನಿನಲ್ಲಿ. ಬೇಸಿಗೆಯ ಆರಂಭದಲ್ಲಿ ಮೇಲ್ನೀರಿನಲ್ಲಿ ತೇಲುವ ಸಯನೋಬ್ಯಾಕ್ಟೀರಿಯಾ ಹೆಚ್ಚಿ, ಇಡೀ ಸರೋವರದಲ್ಲಿ ಸುಣ್ಣದ ಸಣ್ಣ ಹರಳುಗಳು ಮೂಡುತ್ತವೆ. ಹಾಲು ಬೆರೆಸಿದಂತಾದ ನೀರು ತಿಳಿಹಸುರಿಗೆ ತಿರುಗುತ್ತದೆ. ಹರಳುಗಳು ಮೆಲ್ಲಗೆ ಮುಳುಗಿ ತಳದಲ್ಲಿ ಬಿಳಿಯ ಪದರವಾಗುತ್ತವೆ, ಉಳಿದ ತಿಂಗಳುಗಳ ಕೊಳೆ ಅದರ ಮೇಲೆ ಕಪ್ಪು ಪದರ. ವರ್ಷಕ್ಕೊಂದು ಜೋಡಿ. ಉಸಿರಾಡಲು ಆಮ್ಲಜನಕವಿಲ್ಲದ ಕಾರಣ ಕೆಸರನ್ನು ಕೆದಕಲು ಅಲ್ಲಿ ಹುಳುವೂ ಇಲ್ಲ. ಪದರಗಳು ಕಲಕದೆ ಉಳಿದು, ಸುತ್ತಲ ಕಾಡಿನ ಪರಾಗವನ್ನೂ ವರ್ಷವಾರು ಜೋಪಾನ ಮಾಡಿವೆ.

ಕೊನೆಯ ಸಂಜೆ ಹಿರಿಯರು ಎರಡು ಟ್ರೌಟ್ ಹಿಡಿದು ಬುಟ್ಟಿ ಕಟ್ಟಿದರು. ನಾವು ಗುಡ್ಡ ಹತ್ತಿ ಡೇರೆಗೆ ಹಿಂದಿರುಗಿದೆವು. ಮರಗಳ ಸಂದಿಯಿಂದ ಮಬ್ಬುಹಸುರು ನೀರು ಕಾಣುತ್ತಿತ್ತು. ಆ ವರ್ಷದ ಬಿಳಿ ಪದರ ಗುಲಾಬಿ ಗಡಿಯನ್ನು ದಾಟಿ ಕತ್ತಲಿಗೆ ಇಳಿಯುತ್ತಿದ್ದ ಹೊತ್ತು.