ಎಷ್ಟು ಹೊತ್ತು ಕಾಯಬೇಕು?

ಬಾದಾಮಿಯ ಗುಹಾಲಯಗಳ ಚಿತ್ರಗಳನ್ನು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಊರುಗಳ ನಾಲ್ಕು ಕಂಪ್ಯೂಟರುಗಳಲ್ಲಿ ಹಂಚಿಟ್ಟಿದ್ದೇವೆ ಎಂದುಕೊಳ್ಳಿ. ಇಂಥ ಕೆಲಸಕ್ಕಿರುವ ಹಡೂಪ್ ವ್ಯವಸ್ಥೆಯು ಕಡತವನ್ನು 128 ಮೆಗಾಬೈಟಿನ ತುಂಡುಗಳನ್ನಾಗಿಸಿ, ಪ್ರತಿ ತುಂಡಿನ ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿಡುತ್ತದೆ. ಪ್ರತಿ ಯಂತ್ರವೂ 3 ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂದು ಮುಖ್ಯ ಯಂತ್ರಕ್ಕೆ ತಿಳಿಸುತ್ತಿರಬೇಕು.

ಇಳಕಲ್ಲಿನ ಯಂತ್ರ ಸುಮ್ಮನಾಯಿತು ಎನ್ನಿ. ಕರೆಂಟು ಹೋಗಿರಬಹುದು, ಡಿಸ್ಕೇ ಕೆಟ್ಟಿರಬಹುದು. ದೂರದಿಂದ ಎರಡೂ ಒಂದೇ ಮೌನ. ಅವಸರದಿಂದ ಕೈಬಿಟ್ಟರೆ, ಅಲ್ಲಿದ್ದುದನ್ನೆಲ್ಲ ಮತ್ತೆ ನಕಲು ಮಾಡುವ ಭಾರ ವೃಥಾ ಜಾಲದ ಮೇಲೆ ಬೀಳುತ್ತದೆ. ತೀರ ತಡಮಾಡಿದರೆ, ಅಷ್ಟರಲ್ಲಿ ಉಳಿದೆರಡು ಪ್ರತಿಗಳೂ ಕೆಟ್ಟು ಚಿತ್ರವೇ ಕಳೆದುಹೋದೀತು. ಆದ್ದರಿಂದ ಹಡೂಪ್ ಸಾಮಾನ್ಯವಾಗಿ 10 ನಿಮಿಷ 30 ಸೆಕೆಂಡು ಕಾಯುತ್ತದೆ. ಈ ಅವಧಿಯನ್ನು ಬದಲಿಸಬಹುದು. ಊರಿನಲ್ಲಿ ಕರೆಂಟು ಎಷ್ಟು ಹೊತ್ತಿಗೆ ಮರಳುತ್ತದೆಂಬುದನ್ನು ಮೊದಲು ಅಳೆಯಿರಿ. ಅನಂತರ ಗಡುವನ್ನು ಗೊತ್ತುಮಾಡಿ.