ಒರಟು ನಾದದ ವಂಶಾವಳಿ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ಪಡೆದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಹರಿದುಹೋದ ವೃತ್ತಾಂತ ಮಂಡ್ಯ, ಮದ್ದೂರಿನವರಿಗೆ ಹೊಸತಲ್ಲ. ವಿದ್ಯುತ್ತಿಲ್ಲದೆ ಕ್ಷಣಮಾತ್ರವೂ ಬಾಳಲಾರದ ಸಂಗೀತವೊಂದು ಅದೇ ಬೆಂಗಳೂರಿನಲ್ಲಿ ಬೇರೂರಿ, 2015ರಲ್ಲಿ 'ಶೆಫರ್ಡ್' ಎಂಬ ಮೂವರ ತಂಡದ 'ಸ್ಟೀರಿಯೋಲಿಥಿಕ್ ರಿಫಲೊಕ್ಯಾಲಿಪ್ಸ್' ಎಂಬ ಆಲ್ಬಮ್ಮಾಗಿ ಹೊರಬಂದಿತು. ಸ್ಲಡ್ಜ್ ಮೆಟಲ್ ಎಂದು ಕರೆಯಲ್ಪಡುವ ಈ ಮಂದ್ರ, ಕರ್ಕಶ ನಾದವು ಎಲ್ಲಿಂದ ಬಂದಿತೆಂಬುದು ವಿಚಾರಯೋಗ್ಯವಾದ ಸಂಗತಿ.

1965ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಹದಿನೇಳರ ತರುಣ ಟೋನಿ ಅಯೋಮಿಯ ಬಲಗೈಯ ಎರಡು ಬೆರಳುಗಳ ತುದಿಗಳು ಯಂತ್ರಕ್ಕೆ ಸಿಕ್ಕಿ ತುಂಡಾದುವು. ಎಡಚನಾದ ಆತನಿಗೆ ಗಿಟಾರಿನ ತಂತಿಯನ್ನು ಒತ್ತುವ ಕೈ ಅದೇ ಆಗಿತ್ತು. ಪ್ಲಾಸ್ಟಿಕ್ಕನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ಅದಕ್ಕೆ ತೊಗಲು ಅಂಟಿಸಿ, ತೆಳುವಾದ ತಂತಿಗಳನ್ನು ಕಟ್ಟಿ, ಮುಂದೆ ಅವನ್ನೂ ಸಡಿಲಿಸಿ ಶ್ರುತಿಯನ್ನು ತಗ್ಗಿಸಿ ಆತ ನುಡಿಸಿದುದರಿಂದ, ಆತನ ಬ್ಲ್ಯಾಕ್ ಸಬ್ಬತ್ ತಂಡದ 1970-71ರ ಆಲ್ಬಮ್ಮುಗಳಲ್ಲಿ ಅದುವರೆಗೆ ಕೇಳದಿದ್ದ ಗುರುತ್ವವೊಂದು ಮೂಡಿತು.

ಆ ಬಳಿಕ ಸ್ಟೋಕ್-ಆನ್-ಟ್ರೆಂಟಿನ ಡಿಸ್‌ಚಾರ್ಜ್ ತಂಡವು 1982ರಲ್ಲಿ ಅಣುಯುದ್ಧದ ಭೀತಿಯನ್ನು ನಾಲ್ಕಾರು ಮಾತಿನ ಕೂಗಿಗೂ ಡ್ರಮ್ಮಿನ ನಾಗಾಲೋಟಕ್ಕೂ ಇಳಿಸಿ ಕ್ರಸ್ಟ್ ಪಂಕ್ ಎಂಬ ಒರಟು ಸಂಗೀತಪ್ರಕಾರಕ್ಕೆ ದಾರಿ ತೆರೆಯಿತು. ವೇಗಕ್ಕೇ ಹೆಸರಾಗಿದ್ದ ಅಮೆರಿಕದ ಪಂಕ್ ತಂಡ ಬ್ಲ್ಯಾಕ್ ಫ್ಲ್ಯಾಗ್ 1984ರ 'ಮೈ ವಾರ್' ಆಲ್ಬಮ್ಮಿನ ಎರಡನೆಯ ಮಗ್ಗುಲಲ್ಲಿ ತನ್ನ ಅಭಿಮಾನಿಗಳೇ ಬೇಸರಗೊಳ್ಳುವಷ್ಟು ನಿಧಾನವಾಯಿತು. ಆ ನಿಧಾನಗತಿಯನ್ನೇ ಮೆಲ್ವಿನ್ಸ್ ತಂಡವು 1987ರ ತನ್ನ ಮೊದಲ ಆಲ್ಬಮ್ಮಿನಲ್ಲಿ ಮಾರ್ಗವಾಗಿ ಮಾಡಿಕೊಂಡಿತು. ಹೀಗೆ ಸಬ್ಬತ್ತಿನ ಭಾರವೂ ಪಂಕಿನ ರೋಷವೂ ಕೂಡಿ ಸ್ಲಡ್ಜ್ ರೂಪುಗೊಂಡಿತು.

ಶೆಫರ್ಡ್ ಈ ಪರಂಪರೆಗೆ ಕರ್ನಾಟಕದಲ್ಲಿ ಒಡೆದ ಕವಲು. ಅದರ 'ಬಾಗ್ ಸ್ಲೈಮ್', 'ಕ್ರೂಕ್' ಮೊದಲಾದ ಇಂಗ್ಲಿಷ್ ಹಾಡುಗಳಲ್ಲಿ ಗಿಟಾರು, ಬೇಸು, ಡ್ರಮ್ಮು ಎಂಬ ಮೂರೇ ವಾದ್ಯಗಳು ತುಂಬಿಕೊಡುವ ಸಾಂದ್ರತೆ ಬೆರಗುಗೊಳಿಸುವಂಥದು. ನಮ್ಮ ಹಬ್ಬಗಳಲ್ಲಿ ತಮಟೆಯನ್ನು ಬೆಂಕಿಗೆ ಹಿಡಿದು, ಚರ್ಮ ಬಿಗಿದು ಬೇಕಾದ ಸದ್ದು ಬರುವವರೆಗೂ ಕಾಯಿಸುವ ವಾದಕರಂತೆಯೇ, ಇವರೂ ತಂತಿಯನ್ನು ಎಷ್ಟು ಸಡಿಲಿಸಬೇಕು, ಸದ್ದನ್ನು ಎಷ್ಟು ಒಡೆಯಬೇಕು ಎಂಬುದನ್ನು ಕಿವಿಯಿಂದ ಅಳೆದೇ ನಿರ್ಧರಿಸಬೇಕಾಗುವುದು. ಆದುದರಿಂದ ಇಲ್ಲಿಯ ಒರಟುತನವನ್ನು ಅಭ್ಯಾಸದ ಕೊರತೆಯೆಂದು ಬಗೆಯುವುದು ಅನ್ಯಾಯ. ಅದು ಗಾಯಗೊಂಡ ಕೈಯ ಹಟದಿಂದ ಮೊದಲ್ಗೊಂಡು, ಭೀತಿಯಿಂದಲೂ ಕೋಪದಿಂದಲೂ ಬೆಳೆದು, ಶ್ರಮದಿಂದ ಸಾಧಿತವಾದ ಗುಣ. ಕರ್ನಾಟಕದ ಸಂಗೀತಚರಿತ್ರೆಯನ್ನು ಬರೆಯುವವರು ಈ ಆಲ್ಬಮ್ಮಿಗೂ ಒಂದು ಪುಟವನ್ನು ಮೀಸಲಿಡುವುದು ಉಚಿತ.