ಕೋಲಿನ ಪಕ್ಕದಲ್ಲಿ ಅಂಕಿ

ಒಂದರಿಂದ ಐವತ್ತರವರೆಗೆ ಒಂದೇ ಉಸಿರಿಗೆ ಒಪ್ಪಿಸುವ ನಾಲ್ಕು ವರ್ಷದ ಮಗುವಿನ ಮುಂದೆ ಹಿಡಿ ಹುಣಸೆ ಬೀಜ ಹರವಿ, ‘ಇದರಾಗ ಏಳು ಕೊಡು’ ಎಂದು ಕೇಳಿ ನೋಡಿ. ಎಷ್ಟೋ ಮಕ್ಕಳು ಸಿಕ್ಕಷ್ಟನ್ನು ಬಾಚಿ ಕೊಡುತ್ತಾರೆ. ಕೆಲವರು ಬೀಜ ಮುಟ್ಟುತ್ತ ಎಣಿಸುತ್ತಾರೆ, ಆದರೆ ಬಾಯಿ ಒಂದು ಬೀಜ ಮುಂದೆ, ಬೆರಳು ಒಂದು ಬೀಜ ಹಿಂದೆ. ಮಗು ದಡ್ಡ ಎಂದೇನೂ ಅಲ್ಲ. ಸಂಖ್ಯೆಗಳ ಹೆಸರನ್ನು ಸಾಲಾಗಿ ಹೇಳುವುದು ಒಂದು ಕಲಿಕೆ. ಕೊನೆಗೆ ಹೇಳಿದ ಹೆಸರೇ ಅಷ್ಟೂ ಬೀಜಗಳ ಒಟ್ಟು ಲೆಕ್ಕ ಎಂದು ತಿಳಿಯುವುದು ಬೇರೆಯದೇ ಕಲಿಕೆ. ಮೊದಲನೆಯದು ಬಂದ ಎಷ್ಟೋ ತಿಂಗಳ ಮೇಲೆ ಎರಡನೆಯದು ಬರುತ್ತದೆ. ಕಟ್ಟಿಗೆಯ ಕಲಿಕಾ ಸಾಮಗ್ರಿಗೆ ಕೆಲಸವಿರುವುದು ಈ ನಡುವಿನ ಅವಧಿಯಲ್ಲಿ. ಆದರೆ ಸಾಮಗ್ರಿಯನ್ನು ಕೈಗಿತ್ತ ಮಾತ್ರಕ್ಕೆ ಗಣಿತ ತಾನಾಗಿ ಬರುತ್ತದೆ ಎಂಬ ಈಚಿನ ಉತ್ಸಾಹವನ್ನು ನಾನು ಒಪ್ಪಲಾರೆ. ಕೋಲಿನ ಜೊತೆಗೇ ಮಾತು, ಮಾತಿನ ಜೊತೆಗೇ ಬರೆದ ಅಂಕಿ ಇರದಿದ್ದರೆ ಅದು ಬರೀ ಆಟಿಕೆ.

ಮರದ ಸಾಮಗ್ರಿಯಿಂದ ಕಲಿಸುವ ವಿಚಾರ ಹೊಸದೇನಲ್ಲ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬರ್ಗ್‌ನಲ್ಲಿ ಶಿಶುಶಾಲೆ ತೆರೆದಾಗ ಮಕ್ಕಳಿಗೆ ಕೊಟ್ಟದ್ದು ಮರದ ಗೋಲ, ಮರದ ಘನ. 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಶಾಲೆ ಆರಂಭಿಸಿದ ಮರಿಯಾ ಮಾಂಟೆಸ್ಸರಿ ಅದನ್ನು ಇನ್ನಷ್ಟು ಬಿಗಿಗೊಳಿಸಿದರು. 1939ರಲ್ಲಿ ಅವರು ಮದರಾಸಿಗೆ ಬಂದು, ಯುದ್ಧದ ವರ್ಷಗಳನ್ನೆಲ್ಲ ಭಾರತದಲ್ಲೇ ಕಳೆದು ಶಿಕ್ಷಕರನ್ನು ತರಬೇತುಗೊಳಿಸಿದರು. ಅವರ ಎರಡು ಸಾಮಗ್ರಿಗಳನ್ನು ಹತ್ತಿರದಿಂದ ನೋಡಬೇಕು. ಒಂದು, ಸಂಖ್ಯೆಯ ಕೋಲುಗಳು. ಹತ್ತು ಕೋಲು, ಮೊದಲನೆಯದು ಹತ್ತು ಸೆಂಟಿಮೀಟರ್, ಕೊನೆಯದು ಒಂದು ಮೀಟರ್; ಹತ್ತು ಹತ್ತು ಸೆಂಟಿಮೀಟರಿಗೆ ಕೆಂಪು, ನೀಲಿ ಬಣ್ಣ ಬದಲಾಗುತ್ತದೆ. ಬೀಜಗಳಾದರೆ ಏಳಿದ್ದರೂ ಬಿಡಿಬಿಡಿಯೇ. ಕೋಲಿನಲ್ಲಿ ಏಳು ಒಂದೇ ವಸ್ತುವಾಗಿ ಕೈಗೆ ಸಿಗುತ್ತದೆ, ಮೂರಕ್ಕಿಂತ ಭಾರವಾಗಿಯೂ ಇರುತ್ತದೆ. ಏಳರ ತುದಿಗೆ ಮೂರನ್ನು ಜೋಡಿಸಿ ಹತ್ತರ ಪಕ್ಕ ಇಟ್ಟರೆ ಎರಡೂ ಸರಿಸಮ. ಇನ್ನೊಂದು, ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಬರೆದ ಹತ್ತು ಖಾನೆಗಳ ಪೆಟ್ಟಿಗೆ ಮತ್ತು ಕದಿರಿನಂಥ 45 ಕಡ್ಡಿಗಳು. ಮಗು ಅಂಕಿ ನೋಡಿ ಅಷ್ಟಷ್ಟು ಕಡ್ಡಿ ಹಾಕುತ್ತ ಹೋಗಬೇಕು. ಎಲ್ಲೋ ಒಂದು ಕಡೆ ಒಂದು ಹೆಚ್ಚು ಹಾಕಿದ್ದರೆ ಒಂಬತ್ತರ ಖಾನೆಗೆ ಬರುವಾಗ ಕಡ್ಡಿ ಸಾಲುವುದಿಲ್ಲ. ತಪ್ಪನ್ನು ಅಕ್ಕೋರು ಹೇಳಬೇಕಾಗಿಲ್ಲ, ಪೆಟ್ಟಿಗೆಯೇ ಹೇಳುತ್ತದೆ. ಸೊನ್ನೆಯ ಖಾನೆ ಖಾಲಿಯಾಗಿಯೇ ಉಳಿಯುತ್ತದೆ. ಕರಿಹಲಗೆಯ ಮೇಲೆ ಸೊನ್ನೆಯನ್ನು ಇಷ್ಟು ಚೆನ್ನಾಗಿ ವಿವರಿಸುವುದು ಕಷ್ಟ.

ನಮ್ಮಲ್ಲೂ ಇಂಥ ಮರದ ಸಾಧನ ಇತ್ತು: ಅಳಗುಳಿ ಮಣೆ. ಎರಡು ಸಾಲು, ಸಾಲಿಗೆ ಏಳು ಕುಳಿ. ಬೀಜ ಎತ್ತಿ ಕುಳಿಗೊಂದರಂತೆ ಬಿಡುತ್ತ ಹೋಗುವ ಈ ಆಟದಲ್ಲಿ ಬಾಯಿ ಮತ್ತು ಬೆರಳಿನ ಜಗಳ ತಾನಾಗಿ ತೀರುತ್ತದೆ. ಪಳಗಿದವರು ಕೊನೆಯ ಬೀಜ ಎಲ್ಲಿ ಬೀಳುತ್ತದೆಂದು ನೋಡಿದೊಡನೆ ಹೇಳಬಲ್ಲರು. ಆದರೆ ಆ ಆಟದಲ್ಲಿ ಅಂಕಿ ಬರೆಯುವ ಪ್ರಸಂಗವೇ ಬರುವುದಿಲ್ಲ, ಕೊರತೆ ಇರುವುದೂ ಅಲ್ಲೇ. 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ದೆಹಲಿಯ ಬಡ ಬಡಾವಣೆಗಳಲ್ಲಿ ಪ್ರಥಮ್ ಸಂಸ್ಥೆ ನಡೆಸುತ್ತಿದ್ದ 214 ಬಾಲವಾಡಿಗಳ ಸುಮಾರು 1,500 ಮಕ್ಕಳನ್ನು ಒಳಗೊಂಡ ಪ್ರಯೋಗ ಅದು. ಹೆಚ್ಚು–ಕಡಿಮೆ, ಆಕಾರಗಳ ಆಟಗಳನ್ನು ತಿಂಗಳುಗಟ್ಟಲೆ ಆಡಿದ ಮಕ್ಕಳಲ್ಲಿ ಪ್ರಮಾಣದ ಅಂದಾಜು ಚುರುಕಾಯಿತು, ಬಹುಕಾಲ ಉಳಿಯಿತು ಕೂಡ. ಆದರೆ ಒಂದನೇ ತರಗತಿಗೆ ಹೋದ ಮೇಲೆ ಶಾಲೆಯ ಲೆಕ್ಕದಲ್ಲಿ ಅವರು ಉಳಿದವರಿಗಿಂತ ಮುಂದಿರಲಿಲ್ಲ. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಕೋಲ್ಕತ್ತ ಮತ್ತು ದೆಹಲಿಯ ಸಂತೆಗಳಲ್ಲಿ ಮಾರಾಟ ಮಾಡುವ ಮಕ್ಕಳು ಬಾಯಲ್ಲೇ ಕಷ್ಟದ ವ್ಯವಹಾರ ಮುಗಿಸಿ, ಕಾಗದದ ಮೇಲಿನ ಸರಳ ಭಾಗಾಕಾರಕ್ಕೆ ತಡವರಿಸಿದರು. ಶಾಲೆಯ ಮಕ್ಕಳ ಪಾಡು ಇದಕ್ಕೆ ತಿರುವುಮುರುವು. ಎರಡೂ ಅಧ್ಯಯನಗಳ ತಂಡದಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ, ಮನಃಶಾಸ್ತ್ರಜ್ಞೆ ಎಲಿಜಬೆತ್ ಸ್ಪೆಲ್ಕೆ ಇದ್ದರು. ಕೈಯ ಲೆಕ್ಕ ಮತ್ತು ಕಾಗದದ ಲೆಕ್ಕ ತಮ್ಮಷ್ಟಕ್ಕೆ ಕೂಡಿಕೊಳ್ಳುವುದಿಲ್ಲ, ಯಾರಾದರೂ ಕೂಡಿಸಬೇಕು. ಮಾಂಟೆಸ್ಸರಿಯ ಖಾನೆಗಳ ಮೇಲೆ ಅಂಕಿ ಬರೆದಿರುವುದು ಅಲಂಕಾರಕ್ಕಲ್ಲ.

ಇದಕ್ಕೆ ಮೊದಲ ಆಕ್ಷೇಪ ಮಗ್ಗಿಯವರದು. ಬಾಯಿಪಾಠ ಮಾಡಿಯೇ ನಮ್ಮ ಹಿರಿಯರು ಕಾಲು, ಅರೆ, ಮುಕ್ಕಾಲಿನ ಲೆಕ್ಕವನ್ನೂ ಬಾಯಲ್ಲೇ ಮಾಡುತ್ತಿರಲಿಲ್ಲವೇ? ಮಾಡುತ್ತಿದ್ದರು. ಆದರೆ ಅವರ ಕೈಯಲ್ಲಿ ದಿನವಿಡೀ ಸೇರು, ಪಾವು, ಕೊಳಗ ಇರುತ್ತಿದ್ದವು; ಮಗ್ಗಿ ಕೂತದ್ದು ಆ ಅಳತೆಗಳ ಮೇಲೆ. ಅರ್ಥವಾದ ಮೇಲೆ ಮಗ್ಗಿ ಬೇಕೇ ಬೇಕು, ಅದನ್ನು ಹಳೆಯ ಕಾಲದ್ದೆಂದು ಎಸೆಯುವವರ ಜೊತೆ ನಾನಿಲ್ಲ. ಎರಡನೆಯ ಆಕ್ಷೇಪ, ಮಕ್ಕಳು ಕೋಲಿಗೇ ಅಂಟಿಕೊಳ್ಳುತ್ತಾರೆ ಎಂಬುದು. ಇದು ನಿಜವಾದ ಅಪಾಯ. ಉಪಾಯವೂ ಇದೆ: ಐದು ಕಡ್ಡಿ ಎಣಿಸಿ ಬಟ್ಟೆ ಮುಚ್ಚುವುದು, ಮಗುವಿನ ಕಣ್ಣೆದುರೇ ಇನ್ನೆರಡನ್ನು ಬಟ್ಟೆಯೊಳಗೆ ಸರಿಸುವುದು, ಈಗ ಎಷ್ಟೆಂದು ಕೇಳಿ ಉತ್ತರವನ್ನು ಬರೆಸುವುದು, ಆಮೇಲೆ ಬಟ್ಟೆ ತೆಗೆದು ತಾಳೆ ನೋಡುವುದು. ಕೆಲವು ವಾರಗಳಲ್ಲಿ ಬಟ್ಟೆಯೂ ಬೇಡ, ಕಡ್ಡಿಯೂ ಬೇಡ. ಇನ್ನು ಬಣ್ಣದ ಮೋಹ. ಆನೆ, ನವಿಲಿನ ಆಕಾರದ ಎಣಿಕೆ ಗೊಂಬೆಗಳು ಅಂಗಡಿಯಲ್ಲಿ ಚೆಂದ ಕಾಣುತ್ತವೆ, ಆದರೆ ಮಗು ಆನೆಯನ್ನು ನೋಡುತ್ತದೆ, ಸಂಖ್ಯೆಯನ್ನಲ್ಲ. ನಿಜವಾದ ನೋಟು, ನಾಣ್ಯದಂತೆಯೇ ಕಾಣುವ ಆಟದ ಹಣ ಕೊಟ್ಟಾಗ ಮಕ್ಕಳು ಲೆಕ್ಕದಲ್ಲಿ ಹೆಚ್ಚು ತಪ್ಪು ಮಾಡಿದ್ದನ್ನು ಅಮೆರಿಕದ ಸಂಶೋಧಕರು 2009ರಲ್ಲಿ ವರದಿ ಮಾಡಿದ್ದಾರೆ. ಸಪ್ಪೆಯಾದ ಕೋಲೇ ಮೇಲು.

ಉಳಿದದ್ದು ಖರ್ಚಿನ ಮಾತು. ಇದು ಪಟ್ಟಣದ ಮಾಂಟೆಸ್ಸರಿ ಶಾಲೆಗಳ ಸೊತ್ತು, ಹಳ್ಳಿಗೆ ಎಲ್ಲಿಂದ ಬರಬೇಕು ಎನ್ನುವವರಿದ್ದಾರೆ. ಸರ್ಕಾರಿ ಶಾಲೆಗೆ ಚಟುವಟಿಕೆಯ ಕಲಿಕೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ–ಕಲಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗಳಿಗೆ ಹಬ್ಬಿತು. ಸರ್ಕಾರ ಅಕ್ಷರ ಫೌಂಡೇಶನ್ ಜೊತೆ ಸೇರಿ ನಡೆಸಿದ ಗಣಿತ ಕಲಿಕಾ ಆಂದೋಲನ ನಾಲ್ಕು, ಐದನೇ ತರಗತಿಗಳಿಗೆ ಗಣಿತದ ಕಿಟ್ ತಲುಪಿಸಿತು. ಕಿಟ್ ಕೆಡುತ್ತದೆಂಬ ಭಯಕ್ಕೆ ಅದನ್ನು ಬೀರುವಿನಲ್ಲಿ ಭದ್ರ ಮಾಡಿದರೆ ಮಾತ್ರ ಅದು ದಂಡ. ಅಂಗನವಾಡಿಯ ಸಣ್ಣ ಮಕ್ಕಳಿಗೆ ಬೇಕಾದದ್ದು ಇನ್ನೂ ಸರಳ. ಚನ್ನಪಟ್ಟಣದ ಆಲೆಮರದ, ಅರಗಿನ ಬಣ್ಣದ ಆಟಿಕೆಯೇ ಆಗಬೇಕೆಂದಿಲ್ಲ. ನಮ್ಮ ಶಿಗ್ಗಾವಿ ತಾಲ್ಲೂಕಿನ ಪಕ್ಕದ ಕಲಘಟಗಿಯವರು ಬಣ್ಣದ ತೊಟ್ಟಿಲು ಮಾಡುವ ನಾಡಿದು. ಇಲ್ಲಿ ಕೂರಿಗೆಯ ತಾಳುಗಳನ್ನು ಸಮ ಅಂತರಕ್ಕೆ ಕೂಡಿಸಬಲ್ಲ ಬಡಿಗೇರರಿಗೆ ಹತ್ತು ಕೋಲು ಕೊಯ್ಯುವುದು ಎಷ್ಟರ ಕೆಲಸ? ಹತ್ತೂ ಕೋಲಿಗೆ ಸೇರಿ ಬೇಕಾಗುವುದು ಐದೂವರೆ ಮೀಟರ್ ರೀಪು, ಅಷ್ಟೆ. ಅಂಚು ಉಜ್ಜಿ ನುಣುಪು ಮಾಡಬೇಕು, ವಿಷವಿಲ್ಲದ ಬಣ್ಣ ಹಚ್ಚಬೇಕು, ಅಳತೆ ಕೂದಲೆಳೆಯಷ್ಟೂ ತಪ್ಪಬಾರದು, ಏಕೆಂದರೆ ಏಳು ಮತ್ತು ಮೂರು ಸೇರಿ ಹತ್ತಾಗದಿದ್ದರೆ ಆ ಕೋಲು ಸುಳ್ಳನ್ನೇ ಕಲಿಸುತ್ತದೆ. ಇದೇ ತಾಲ್ಲೂಕಿನ ದುಂಡಸಿಯ ಗ್ರಾಮ ಪಂಚಾಯಿತಿ, ಶಾಲಾಭಿವೃದ್ಧಿ ಸಮಿತಿಯವರು ಈ ವರ್ಷ ಅಂಗನವಾಡಿಗೊಂದು ಜೊತೆಯಂತೆ ಮಾಡಿಸಿ ಕೊಡಲಿ. ಅದರ ಜೊತೆಗೆ ಒಂದರಿಂದ ಹತ್ತರವರೆಗೆ ಅಂಕಿ ಕೊರೆದ ಹಲಗೆಗಳನ್ನೂ ಮಾಡಿಸಲು ಮರೆಯದಿರಲಿ.